ಒಂದು ರಸ್ತೆ, ಹಲವು ಕೇರಿ: ಡೆಟ್ರಾಯ್ಟಿನ ವುಡ್‌ವರ್ಡ್ ಅವೆನ್ಯೂ

ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಹೊರಗಿನಿಂದ ಬರುವವರಿಗಾಗಿ ಒಂದು ಸಣ್ಣ ಕರಪತ್ರ ಮಾಡಬೇಕೆಂದು ಯುವಕೂಟದಲ್ಲಿ ಮಾತಾಯಿತು. ಒಂದೇ ಹಾಳೆ. ಅದರಲ್ಲಿ ಹೆದ್ದಾರಿಯ ನಕ್ಷೆ, ಹೆದ್ದಾರಿಯ ಉದ್ದಕ್ಕೂ ನಮ್ಮ ವಾಳೆಗಳ ಹೆಸರು, ಪ್ರತಿ ವಾಳೆಯ ಬಗ್ಗೆ ಎರಡು ಸಾಲು. ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆವು. ಎರಡು ಸಭೆ ಕಳೆದರೂ ಮುಗಿಯಲಿಲ್ಲ. ಒಂದು ವಾಳೆಯ ಹಳೆಯ ಹೆಸರು ಕೇಳಲು ಚೆನ್ನಾಗಿಲ್ಲ, ಅಲ್ಲಿಗೆ ಸಂತರೊಬ್ಬರ ಹೆಸರು ಇಡೋಣ ಎಂದು ಕೆಲವರು ಹೇಳಿದರು. ಆ ವಾಳೆಯ ಹಿರಿಯರೊಬ್ಬರು ಸುಮ್ಮನೆ ಕೂತು ಕೇಳಿ ಕೊನೆಗೆ, "ನಮ್ಮ ಅಜ್ಜ ಆ ಹೆಸರಿನ ಜಾಗದಲ್ಲೇ ಹುಟ್ಟಿ ಅಲ್ಲೇ ತೀರಿಹೋದದ್ದು ಮಕ್ಕಳೇ" ಎಂದಷ್ಟೇ ಹೇಳಿದರು. ಮತ್ತೆ ಯಾರೂ ಮಾತಾಡಲಿಲ್ಲ.

ನಮ್ಮಲ್ಲೊಬ್ಬರ ಚಿಕ್ಕಪ್ಪನ ಮಗ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಕಾರಿನ ಕೆಲಸದಲ್ಲಿದ್ದಾರೆ. (ಅಲ್ಲಿ ಪಂಪ ಕನ್ನಡ ಕೂಟ ಎಂಬ ಕನ್ನಡ ಸಂಘವೂ ಇದೆ. ನಮ್ಮ ಗಡಿನಾಡಿಗಿಂತ ಅಲ್ಲಿ ಕನ್ನಡದ ಕಾರ್ಯಕ್ರಮ ಜೋರು ಎಂದು ಅವರು ತಮಾಷೆ ಮಾಡುವುದುಂಟು.) ಕರಪತ್ರದ ಕಥೆ ಕೇಳಿ ಅವರು, "ನೀವು ವುಡ್‌ವರ್ಡ್ ಅವೆನ್ಯೂ ಬಗ್ಗೆ ಓದಿ, ನಿಮ್ಮ ಜಗಳ ಅಲ್ಲಿ ನೂರು ವರ್ಷದಿಂದ ನಡೀತಾ ಇದೆ" ಎಂದರು. ಓದಿದೆವು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ವುಡ್‌ವರ್ಡ್ ಅವೆನ್ಯೂ ಡೆಟ್ರಾಯ್ಟ್ ನಗರದ ಮುಖ್ಯಬೀದಿ. ನದಿಯ ದಡದಲ್ಲಿ ಶುರುವಾಗಿ ವಾಯುವ್ಯಕ್ಕೆ ಸುಮಾರು 43 ಕಿ.ಮೀ. ಓಡಿ ಪಾಂಟಿಯಾಕ್ ಎಂಬ ಊರನ್ನು ಸೇರುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ಇರುವ ದೂರಕ್ಕಿಂತ ತುಸು ಕಡಿಮೆ ಎನ್ನಿ. ದಾರಿಯ ಎರಡೂ ಬದಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ಕಾಣುವ ಕೇರಿಗಳು. ನದಿಯ ಹತ್ತಿರ ಎತ್ತರದ ಕಚೇರಿಗಳು, ಆಮೇಲೆ ನಾಟಕಶಾಲೆಗಳು, ಆಮೇಲೆ ವಸ್ತುಸಂಗ್ರಹಾಲಯ ಮತ್ತು ವಿಶ್ವವಿದ್ಯಾಲಯ, ಆಮೇಲೆ ಕಾರು ಸಾಹುಕಾರರ ಹಳೆಯ ಬಂಗಲೆಗಳು, ಆಮೇಲೆ ಬಾಗಿಲು ಮುಚ್ಚಿದ ಕಾರ್ಖಾನೆ, ಅದನ್ನು ದಾಟಿದರೆ ಒಂದಕ್ಕಿಂತ ಒಂದು ಹಣವಂತ ಉಪನಗರಗಳು. ಕಳೆದ ಮೂವತ್ತು ವರ್ಷಗಳಲ್ಲಿ ಆ ನಗರ ತನ್ನ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಲು ಹಿಡಿದ ದಾರಿಯೂ ಇದೇ ರಸ್ತೆ. ಊರನ್ನು ಒಟ್ಟಾಗಿ ತೋರಿಸಿದರೆ ಜನ ಹೆದರುತ್ತಾರೆ, ಕೇರಿ ಕೇರಿಯಾಗಿ ತೋರಿಸಿದರೆ ನೋಡಲು ಬರುತ್ತಾರೆ ಎಂಬುದು ಪ್ರಚಾರದವರ ಲೆಕ್ಕ.

ಶುರುವಿನಿಂದ ಹೇಳುವುದಾದರೆ ಒಬ್ಬ ಧರ್ಮಗುರುವಿನಿಂದಲೇ ಹೇಳಬೇಕಾಗುತ್ತದೆ. 1701ರ ಜುಲೈನಲ್ಲಿ ಫ್ರೆಂಚರು ಡೆಟ್ರಾಯ್ಟಿನಲ್ಲಿ ಕೋಟೆ ಕಟ್ಟಲು ಇಳಿದು, ಎರಡೇ ದಿನದಲ್ಲಿ, ಸಂತ ಅನ್ನಮ್ಮನವರ ಹಬ್ಬದಂದು, ಅದೇ ಹೆಸರಿನಲ್ಲಿ ಒಂದು ದೇವಾಲಯಕ್ಕೆ ಕೈಹಾಕಿದರು. ಆ ಧರ್ಮಕೇಂದ್ರ ಇವತ್ತಿಗೂ ಇದೆ. 1805ರ ಜೂನ್ 11ರಂದು ಬೆಂಕಿ ಬಿದ್ದು ಇಡೀ ಊರು ಸುಟ್ಟುಹೋಯಿತು. ಆಗ ಅಲ್ಲಿ ಧರ್ಮಗುರುಗಳಾಗಿದ್ದವರು ಫ್ರಾನ್ಸಿನಿಂದ ಬಂದ ಸುಲ್ಪಿಷಿಯನ್ ಸಭೆಯ ಫಾದರ್ ಗೇಬ್ರಿಯಲ್ ರಿಚರ್ಡ್. ಬೂದಿಯ ಮೇಲೆ ನಿಂತ ಜನಕ್ಕೆ ಅವರು ಲತೀನ್ ಭಾಷೆಯಲ್ಲಿ ಹೇಳಿದ್ದೆನ್ನುವ ಎರಡು ಮಾತು, ಇದಕ್ಕಿಂತ ಒಳ್ಳೆಯದಕ್ಕೆ ಕಾಯುತ್ತೇವೆ, ಇದು ಬೂದಿಯಿಂದ ಎದ್ದು ಬರುತ್ತದೆ ಎಂಬ ಅರ್ಥದ್ದು, ಮುಂದೆ ನಗರದ ಧ್ಯೇಯವಾಕ್ಯವಾಯಿತು. ನಗರದ ಮುದ್ರೆಯಲ್ಲಿ ಈಗಲೂ ಅದಿದೆ.

ಈ ಫಾದರ್ ರಿಚರ್ಡ್ ಬಗ್ಗೆ ಬರೆಯಲು ಒಂದು ಬೇರೆ ಲೇಖನವೇ ಬೇಕು. ಡೆಟ್ರಾಯ್ಟಿಗೆ ಮುದ್ರಣಯಂತ್ರ ತರಿಸಿದವರು ಅವರು. 1817ರಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿ ಜಾನ್ ಮಾಂಟೀತ್ ಜೊತೆ ಸೇರಿ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಬುನಾದಿ ಹಾಕಿದವರು. 1823ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿಬಂದ ಮೊದಲ ಕಥೋಲಿಕ ಗುರು ಅವರೇ. ಅಲ್ಲಿ ಅವರು ಕೇಳಿದ್ದು ರಸ್ತೆಗೆ ದುಡ್ಡು. 1832ರಲ್ಲಿ ಕಾಲರಾ ಬಂದಾಗ ರೋಗಿಗಳ ಆರೈಕೆ ಮಾಡುತ್ತಲೇ ತೀರಿಕೊಂಡರು.

ಊರು ಸುಟ್ಟ ಅದೇ ವರ್ಷ ಬಂದಿಳಿದ ನ್ಯಾಯಾಧೀಶ ಆಗಸ್ಟಸ್ ವುಡ್‌ವರ್ಡ್ ಹೊಸ ಊರಿಗೆ ನಕ್ಷೆ ಬರೆದ. ವಾಷಿಂಗ್ಟನ್ ನಗರದ ನಕ್ಷೆ ಅವನ ತಲೆಯಲ್ಲಿತ್ತು. ವೃತ್ತಗಳು, ವೃತ್ತಗಳಿಂದ ಗಾಡಿಚಕ್ರದ ಅರಗಳಂತೆ ಹೊರಡುವ ಅಗಲ ಬೀದಿಗಳು. ಮುಖ್ಯಬೀದಿಗೆ ತನ್ನದೇ ಹೆಸರಿಟ್ಟುಕೊಂಡ. ಕೇಳಿದವರಿಗೆ, ರಸ್ತೆ ಕಾಡಿನ ಕಡೆ ಹೋಗುತ್ತದಲ್ಲ, ಇಂಗ್ಲಿಷಿನಲ್ಲಿ ಅದಕ್ಕೆ ಹಾಗೇ ಅಲ್ಲವೇ ಹೇಳುವುದು ಎಂದು ಜಾರಿಕೊಂಡನಂತೆ. ಜನಕ್ಕೆ ಅಷ್ಟು ದೊಡ್ಡ ವೃತ್ತಗಳು ಬೇಕಿರಲಿಲ್ಲ, ನಕ್ಷೆ ಅರ್ಧಕ್ಕೆ ನಿಂತಿತು. ಗ್ರ್ಯಾಂಡ್ ಸರ್ಕಸ್ ಎಂಬ ಅರ್ಧವೃತ್ತದ ಉದ್ಯಾನ ಮಾತ್ರ ಈಗಲೂ ಆ ಕನಸಿನ ತುಂಡಿನಂತೆ ಉಳಿದಿದೆ. ಇನ್ನೊಂದು ಮಾತು: ಈ ರಸ್ತೆ ವುಡ್‌ವರ್ಡ್ ಮಾಡಿದ್ದೂ ಅಲ್ಲ. ಅವನಿಗಿಂತ ಎಷ್ಟೋ ಮೊದಲೇ ಅಲ್ಲಿನ ಮೂಲನಿವಾಸಿಗಳು ಸ್ಯಾಗಿನಾ ಕಡೆಗೆ ನಡೆದು ನಡೆದು ಮಾಡಿಕೊಂಡ ಕಾಲುದಾರಿ ಅದು. ಹೆಸರು ಬದಲಾಗುವ ಆಟ ಈ ರಸ್ತೆಯಲ್ಲಿ ಮೊದಲ ದಿನದಿಂದಲೇ ಇತ್ತು.

ಕಾರು ಬಂದಮೇಲೆ ರಸ್ತೆಯ ಭಾಗ್ಯ ತಿರುಗಿತು. 1909ರಲ್ಲಿ ಸಿಕ್ಸ್ ಮೈಲ್ ಮತ್ತು ಸೆವೆನ್ ಮೈಲ್ ಎಂಬ ಅಡ್ಡರಸ್ತೆಗಳ ನಡುವೆ ವುಡ್‌ವರ್ಡಿನ ಒಂದು ಮೈಲಿಗೆ ಕಾಂಕ್ರೀಟು ಹಾಕಿದರು. ಅಮೆರಿಕದ ಮೊದಲ ಕಾಂಕ್ರೀಟ್ ಹೆದ್ದಾರಿಯ ಮೈಲು ಅದೆನ್ನುತ್ತಾರೆ. ಮರುವರ್ಷ ಅದೇ ರಸ್ತೆಯ ಹೈಲ್ಯಾಂಡ್ ಪಾರ್ಕಿನಲ್ಲಿ ಹೆನ್ರಿ ಫೋರ್ಡ್ ದೊಡ್ಡ ಕಾರ್ಖಾನೆ ತೆರೆದ. 1913ರಲ್ಲಿ ಅಲ್ಲಿ ಚಲಿಸುವ ಜೋಡಣಾ ಸಾಲು ಶುರುವಾಯಿತು. ಕೆಲಸಗಾರ ನಿಂತಲ್ಲೇ ನಿಲ್ಲುತ್ತಾನೆ, ಕಾರು ಅವನ ಮುಂದೆ ಬರುತ್ತದೆ. 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರ್ ಕೂಲಿ ಎಂದು ಸಾರಿದಾಗ ಲೋಕದ ಮೂಲೆಮೂಲೆಯಿಂದ ಜನ ಬಂದರು. 1950ರ ಜನಗಣತಿಯ ಹೊತ್ತಿಗೆ ಡೆಟ್ರಾಯ್ಟಿನಲ್ಲಿ 18,49,568 ಜನ ಇದ್ದರು.

ಆ ಕಾಲದಲ್ಲಿ ವುಡ್‌ವರ್ಡನ್ನು ಯಾರೂ ಪ್ರಚಾರ ಮಾಡಬೇಕಾಗಿರಲಿಲ್ಲ. ಹಡ್ಸನ್ಸ್ ಎಂಬ ಅಂಗಡಿ ಒಂದೇ ಸಾಕಿತ್ತು. ಬಟ್ಟೆಯಿಂದ ಪಿಯಾನೋ ತನಕ ಎಲ್ಲ ಸಿಗುವ, ಇಡೀ ಒಂದು ಬ್ಲಾಕ್ ತುಂಬಿದ ಅಂಗಡಿ. 1924ರಿಂದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಆ ಅಂಗಡಿಯವರೇ ವುಡ್‌ವರ್ಡಿನಲ್ಲಿ ಮೆರವಣಿಗೆ ತೆಗೆಯುತ್ತಿದ್ದರು. ಟ್ರಾಮು ಹತ್ತಿ ಮಕ್ಕಳ ಕೈಹಿಡಿದು ಎಲ್ಲ ಕೇರಿಯವರೂ ಬರುತ್ತಿದ್ದರು.

ದೇವಾಲಯಗಳೂ ಇದೇ ರಸ್ತೆಯಲ್ಲಿ ಸಾಲಾಗಿ ನಿಂತಿವೆ. ಎಷ್ಟಿವೆ ಎಂದರೆ, 1982ರಲ್ಲಿ ವುಡ್‌ವರ್ಡಿನ ಆರಾಧನಾ ಮಂದಿರಗಳನ್ನೆಲ್ಲ ಒಂದೇ ಗುಂಪಾಗಿ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿಸಿದರು. ನಮ್ಮ ಕಥೋಲಿಕರ ಪ್ರಧಾನಾಲಯವೂ, ಅಂದರೆ ಪರಮಪವಿತ್ರ ಸಂಸ್ಕಾರದ ಹೆಸರಿನದ್ದೂ, ಇದೇ ರಸ್ತೆಯ ಮೇಲೆ. ಒಂದು ಸಂಗತಿ ಓದಿ ನಾವು ಬಾಯಿ ಬಿಟ್ಟುಕೊಂಡು ಕೂತೆವು. 1936ರಲ್ಲಿ ರಸ್ತೆ ಅಗಲ ಮಾಡುವಾಗ ಸಂತ ಯೊವಾನ್ನರ ಎಪಿಸ್ಕೋಪಲ್ ಚರ್ಚು ದಾರಿಗೆ ಅಡ್ಡ ಬಂತು. ಕೆಡವಲಿಲ್ಲ. ಇಡೀ ಕಲ್ಲಿನ ಕಟ್ಟಡವನ್ನೇ ಸುಮಾರು 60 ಅಡಿ ಹಿಂದಕ್ಕೆ ಸರಿಸಿದರು. ಹತ್ತಿರದ ಸೆಂಟ್ರಲ್ ಮೆಥಡಿಸ್ಟ್ ಚರ್ಚಿನವರು ಇನ್ನೊಂದು ಉಪಾಯ ಮಾಡಿದರು. ದೇವಾಲಯದ ನಡುಭಾಗದಿಂದ 30 ಅಡಿ ಕತ್ತರಿಸಿ ತೆಗೆದು, ಮುಂಭಾಗವನ್ನು ಹಿಂದಕ್ಕೆ ತಂದು ಉಳಿದ ಕಟ್ಟಡಕ್ಕೆ ಜೋಡಿಸಿದರು. ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುವುದನ್ನು ಮನೆಯಂಗಳದಿಂದ ನೋಡಿದ ನಮಗೆ ಇದರ ಬೆಲೆ ಗೊತ್ತು.

ಆದರೆ ಮುಖ್ಯಬೀದಿಯ ಮೇಲಿದ್ದ ಚರ್ಚಿಗೆ ಸಿಕ್ಕ ಈ ಮರ್ಯಾದೆ ಹಿಂದಿನ ಬೀದಿಯ ಚರ್ಚಿಗೆ ಸಿಗಲಿಲ್ಲ. ಕರಪತ್ರದ ಜಗಳಕ್ಕೂ ಈ ಕಥೆಗೂ ಸಂಬಂಧ ಇರುವುದು ಇಲ್ಲಿಂದ.

ವುಡ್‌ವರ್ಡಿನಿಂದ ಪೂರ್ವಕ್ಕೆ ಕೆಲವೇ ಬ್ಲಾಕ್ ಆಚೆ, ಅದಕ್ಕೆ ಸಮಾನಾಂತರವಾಗಿ ಹೇಸ್ಟಿಂಗ್ಸ್ ಸ್ಟ್ರೀಟ್ ಎಂಬ ಬೀದಿ ಇತ್ತು. ಅದು ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿ ಎಂಬ ಎರಡು ಕೇರಿಗಳ ಬೆನ್ನೆಲುಬು. ಮೊದಲನೆಯ ಹೆಸರು ಕೇಳಿದರೆ ಅಲ್ಲಿದ್ದ ಜನರ ಬಣ್ಣದಿಂದ ಬಂದದ್ದೆಂದು ಯಾರಿಗೂ ಅನಿಸುತ್ತದೆ. ಹಾಗಲ್ಲವಂತೆ. ಫ್ರೆಂಚ್ ರೈತರು ಅಲ್ಲಿನ ಕಪ್ಪು ಫಲವತ್ತು ಮಣ್ಣನ್ನು ನೋಡಿ ಇಟ್ಟ ಹೆಸರದು. ಎರೆಭೂಮಿ ಅಂತ ನಾವು ಹೇಳುವುದಿಲ್ಲವೇ, ಹಾಗೆ. ದಕ್ಷಿಣದ ರಾಜ್ಯಗಳಿಂದ ಕಾರ್ಖಾನೆ ಕೆಲಸಕ್ಕೆ ಬಂದ ಕಪ್ಪುವರ್ಣೀಯರಿಗೆ ಬೇರೆ ಕೇರಿಗಳಲ್ಲಿ ಮನೆ ಕೊಡುತ್ತಿರಲಿಲ್ಲ. ಮನೆಯ ಕ್ರಯಪತ್ರದಲ್ಲೇ ಇಂಥವರಿಗೆ ಮಾರಬಾರದೆಂದು ಬರೆಸುತ್ತಿದ್ದರು. 1941ರಲ್ಲಿ ಎಯ್ಟ್ ಮೈಲ್ ರಸ್ತೆಯ ಹತ್ತಿರ ಒಂದು ಬಿಳಿಯರ ಬಡಾವಣೆಗೆ ಸರ್ಕಾರಿ ಸಾಲದ ಭರವಸೆ ಸಿಗಬೇಕೆಂದು, ಪಕ್ಕದ ಕಪ್ಪುವರ್ಣೀಯರ ಮನೆಗಳಿಗೂ ಅದಕ್ಕೂ ನಡುವೆ ಆರು ಅಡಿ ಎತ್ತರದ, ಅರ್ಧ ಮೈಲು ಉದ್ದದ ಗೋಡೆಯನ್ನೇ ಕಟ್ಟಿದರು. ಆ ಗೋಡೆ ಈಗಲೂ ಇದೆ. ಹಾಗಾಗಿ ಬಂದವರೆಲ್ಲ ಹೇಸ್ಟಿಂಗ್ಸ್ ಸ್ಟ್ರೀಟಿನ ಸುತ್ತ ಒತ್ತಿಕೊಂಡು ಬದುಕಿದರು. ಮನೆಗಳು ಹಳೆಯವು, ಬಾಡಿಗೆ ಹೆಚ್ಚು. ಆದರೂ ಅಲ್ಲಿ ಅವರದೇ ಅಂಗಡಿ, ಔಷಧದಂಗಡಿ, ಆಸ್ಪತ್ರೆ, ಹೋಟೆಲು, ಸಂಗೀತದ ಕ್ಲಬ್ಬು ಎಲ್ಲ ಇತ್ತು. ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚು ಅಲ್ಲಿತ್ತು. ಅದರ ಪಾದ್ರಿ ಸಿ. ಎಲ್. ಫ್ರಾಂಕ್ಲಿನ್. ಅವರ ಮಗಳು ಅರೀತಾ ಫ್ರಾಂಕ್ಲಿನ್ ಆ ಚರ್ಚಿನಲ್ಲಿ ಹಾಡುತ್ತ ಬೆಳೆದವಳು.

1950ರ ದಶಕದಲ್ಲಿ ನಗರದವರು ಬ್ಲ್ಯಾಕ್ ಬಾಟಮನ್ನು ಕೊಳಚೆ ಎಂದು ಕರೆದು ಕೆಡವಿದರು. ಸಾವಿರಾರು ಕುಟುಂಬಗಳು ಎದ್ದುಹೋದವು. ಬಹಳ ಮಂದಿ ಬಾಡಿಗೆದಾರರು, ಅವರಿಗೆ ಪರಿಹಾರ ಸಿಗುವ ದಾರಿ ಇರಲಿಲ್ಲ. ಕೆಡವಿದ ಜಾಗ ವರ್ಷಗಟ್ಟಲೆ ಖಾಲಿ ಬಿದ್ದು ಕಳೆ ಬೆಳೆಯಿತು. ಜನ ಅದಕ್ಕೆ ಕಳೆಗಿಡದ ಹೆಸರನ್ನೇ ಇಟ್ಟು ಗೇಲಿ ಮಾಡಿದರು. ಕೊನೆಗೆ ಅಲ್ಲಿ ಹೆಸರಾಂತ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹ್ ಗಾಜಿನ ಮನೆಗಳನ್ನು ಕಟ್ಟಿದರು, ಹೊಸ ಹೆಸರು ಲಫಾಯೆಟ್ ಪಾರ್ಕ್. ಹೇಸ್ಟಿಂಗ್ಸ್ ಸ್ಟ್ರೀಟ್ ಇದ್ದ ಜಾಗದಲ್ಲಿ ನೆಲ ಅಗೆದು ಹೊಂಡದೊಳಗೆ ಹೆದ್ದಾರಿ ಹಾಕಿದರು. ನ್ಯೂ ಬೆಥೆಲ್ ಚರ್ಚನ್ನು ಯಾರೂ 60 ಅಡಿ ಸರಿಸಲಿಲ್ಲ. ಅದು ಬೇರೆ ಕೇರಿಗೆ ಹೋಗಿ ಹೊಸದಾಗಿ ನೆಲೆಯಾಗಬೇಕಾಯಿತು.

ಮನೆ ಕಳೆದುಕೊಂಡ ಆ ಸಭೆಯ ಪಾದ್ರಿ ಫ್ರಾಂಕ್ಲಿನ್ನರೇ 1963ರ ಜೂನ್ 23ರಂದು ವುಡ್‌ವರ್ಡಿನ ಮೇಲೆ ಒಂದು ದೊಡ್ಡ ಮೆರವಣಿಗೆಯ ಮುಂದಾಳಾದರು. ಸುಮಾರು 1,25,000 ಜನ. ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆ ನಡೆದರು. ನದಿಯ ದಡದ ಸಭಾಂಗಣದಲ್ಲಿ ಆವತ್ತು ಕಿಂಗ್ ಮಾಡಿದ ಭಾಷಣದಲ್ಲಿ, ಎರಡು ತಿಂಗಳ ನಂತರ ವಾಷಿಂಗ್ಟನ್ನಿನಲ್ಲಿ ಲೋಕವೇ ಕೇಳಿದ ಆ ಕನಸಿನ ಮಾತುಗಳ ಮೊದಲ ರೂಪ ಇತ್ತು. ಹಿಂದಿನ ಬೀದಿಯವರು ಮುಖ್ಯಬೀದಿಗೆ ಬಂದು ನಿಂತ ದಿನ ಅದು. ವುಡ್‌ವರ್ಡಿನ ಚರಿತ್ರೆಯಲ್ಲಿ ಒಂದೇ ಒಂದು ದಿನವನ್ನು ಆರಿಸಿ ಎಂದರೆ ನಾವು ಕಾಂಕ್ರೀಟು ಹಾಕಿದ ದಿನವನ್ನು ಬಿಟ್ಟು ಇದನ್ನು ಆರಿಸುತ್ತೇವೆ.

ನಾಲ್ಕು ವರ್ಷಗಳಲ್ಲಿ, 1967ರ ಜುಲೈನಲ್ಲಿ, ಊರು ಮತ್ತೆ ಉರಿಯಿತು. 43 ಜನ ಸತ್ತರು. ಬಿಳಿಯರು ಅದಕ್ಕೂ ಮೊದಲಿನಿಂದಲೇ ಊರು ಬಿಟ್ಟು ಎಯ್ಟ್ ಮೈಲ್ ರಸ್ತೆಯ ಆಚೆ ಹೋಗುತ್ತಿದ್ದರು, ಈಗ ಓಟ ಜೋರಾಯಿತು. ಕಾರ್ಖಾನೆಗಳೂ ಹೋದವು. ಟ್ರಾಮು 1956ರಲ್ಲೇ ನಿಂತು ಅದರ ಗಾಡಿಗಳನ್ನು ಮೆಕ್ಸಿಕೋ ನಗರಕ್ಕೆ ಮಾರಿಯಾಗಿತ್ತು. ಹಡ್ಸನ್ಸ್ 1983ರಲ್ಲಿ ಬಾಗಿಲು ಹಾಕಿತು. 1998ರ ಅಕ್ಟೋಬರಿನಲ್ಲಿ ಮದ್ದಿಟ್ಟು ಆ ಕಟ್ಟಡವನ್ನು ಉರುಳಿಸಿದಾಗ ವುಡ್‌ವರ್ಡಿನ ಮೇಲೆ ಧೂಳಿನ ಮೋಡ ಎದ್ದಿತು. ನೋಡಲು ನಿಂತ ಎಷ್ಟೋ ಜನ ಅತ್ತರಂತೆ. 2013ರಲ್ಲಿ ನಗರ ದಿವಾಳಿ ಅರ್ಜಿ ಹಾಕಿತು. 2020ರ ಗಣತಿಯಲ್ಲಿ ಜನಸಂಖ್ಯೆ 6,39,111.

ಇಂಥ ಊರನ್ನು ಹೊರಗಿನವರಿಗೆ ತೋರಿಸುವುದು ಹೇಗೆ? 1995ರಲ್ಲಿ ಒಂದು ದಾರಿ ಆಕಸ್ಮಿಕವಾಗಿ ಸಿಕ್ಕಿತು. ಫರ್ನ್‌ಡೇಲ್ ಎಂಬ ಉಪನಗರದವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಕೂಡಿಸಲು, ಹಳೆಯ ಕಾರು ಇದ್ದವರೆಲ್ಲ ಆಗಸ್ಟಿನ ಒಂದು ಶನಿವಾರ ವುಡ್‌ವರ್ಡಿನಲ್ಲಿ ಮೆಲ್ಲಗೆ ಓಡಿಸಿಕೊಂಡು ಬನ್ನಿ ಎಂದು ಕರೆದರು. ತೀರಾ ಕಡಿಮೆ ಜನ ಬಂದಾರು ಎಂದುಕೊಂಡಿದ್ದವರ ಮುಂದೆ ಸುಮಾರು ಎರಡೂವರೆ ಲಕ್ಷ ಜನ ಬಂದು ನಿಂತರು. ಈಗ ಡ್ರೀಮ್ ಕ್ರೂಸ್ ಎಂಬ ಆ ದಿನಕ್ಕೆ ಹತ್ತು ಲಕ್ಷದಷ್ಟು ಜನ ಸೇರುತ್ತಾರೆನ್ನುತ್ತಾರೆ. ಮರುವರ್ಷ ರಸ್ತೆಯುದ್ದದ ಊರುಗಳೆಲ್ಲ ಸೇರಿ ಒಂದು ಸಂಘ ಮಾಡಿಕೊಂಡು, ಡೆಟ್ರಾಯ್ಟಿನಿಂದ ಪಾಂಟಿಯಾಕ್ ತನಕ ಒಂದೇ ಹೆಸರಿನಲ್ಲಿ ಪ್ರಚಾರ ಮಾಡತೊಡಗಿದವು. 2009ರಲ್ಲಿ ವುಡ್‌ವರ್ಡಿಗೆ ಕಾರು ಪರಂಪರೆಯ ದಾರಿ ಎಂಬ ನೆಲೆಯಲ್ಲಿ ಅಮೆರಿಕದ ಅತ್ಯುನ್ನತ ದರ್ಜೆಯ ರಸ್ತೆಯ ಬಿರುದು ಸಿಕ್ಕಿತು.

ಒಂದರ ಜೊತೆ ಒಂದು ಜಗಳಾಡುವ ಊರುಗಳು ಒಂದು ರಸ್ತೆಗಾಗಿ ಒಟ್ಟಿಗೆ ಕೂತದ್ದು ಸಣ್ಣ ಮಾತಲ್ಲ. ಆದರೆ ನಕ್ಷೆ ಬಿಡಿಸಿ ನೋಡಿದಾಗ ನಮಗೆ ಒಂದು ವಿಷಯ ಕಂಡಿತು. ಡ್ರೀಮ್ ಕ್ರೂಸ್ ನಡೆಯುವುದು ಫರ್ನ್‌ಡೇಲಿನಿಂದ ಪಾಂಟಿಯಾಕಿಗೆ. ಅಂದರೆ ಎಯ್ಟ್ ಮೈಲ್ ರಸ್ತೆಯ ಆಚೆಗೆ. ಜೋಡಣಾ ಸಾಲು ಹುಟ್ಟಿದ ಹೈಲ್ಯಾಂಡ್ ಪಾರ್ಕ್ ಈಚೆಗೆ ಉಳಿಯುತ್ತದೆ. ಕಾರಿನ ಹಬ್ಬ ಕಾರಿನ ತವರಿಗೆ ಬರುವುದಿಲ್ಲ. ಆ ಕಾರ್ಖಾನೆಯ ಮುಂದೆ ಈಗ ಒಂದು ಸಣ್ಣ ಅಂಗಡಿ ಸಾಲು ಇದೆ, ಅದಕ್ಕೆ ಮಾಡೆಲ್ ಟಿ ಕಾರಿನ ಹೆಸರಿದೆ. 2011ರಲ್ಲಿ ಕರೆಂಟು ಬಿಲ್ಲಿನ ಬಾಕಿ ಕಟ್ಟಲಾಗದೆ ಹೈಲ್ಯಾಂಡ್ ಪಾರ್ಕ್ ತನ್ನ ಹೆಚ್ಚಿನ ಬೀದಿದೀಪಗಳನ್ನೇ ಕಳೆದುಕೊಂಡಿತು. ದೀಪ ಆರಿಸಿದ್ದಲ್ಲ, ಕಂಬ ಸಮೇತ ಕಿತ್ತುಕೊಂಡು ಹೋದರು.

ಅದೇ ಹೈಲ್ಯಾಂಡ್ ಪಾರ್ಕಿನಲ್ಲಿ, ಅದೇ ವುಡ್‌ವರ್ಡಿನ ಮೇಲೆ 1982ರ ಜೂನಿನಲ್ಲಿ ವಿನ್ಸೆಂಟ್ ಚಿನ್ ಎಂಬ ಚೀನೀ ಮೂಲದ ಯುವಕನನ್ನು ಇಬ್ಬರು ಬೇಸ್‌ಬಾಲ್ ದಾಂಡಿನಿಂದ ಹೊಡೆದರು. ನಾಲ್ಕು ದಿನದಲ್ಲಿ ಅವನು ತೀರಿಕೊಂಡ. ಮದುವೆಗೆ ಕೆಲವೇ ದಿನ ಇತ್ತು. ಜಪಾನಿನ ಕಾರುಗಳಿಂದ ತಮ್ಮ ಕೆಲಸ ಹೋಗುತ್ತಿದೆ ಎಂಬ ಸಿಟ್ಟು ಆಗ ಊರಲ್ಲೆಲ್ಲ ಇತ್ತು, ಅದು ಜಪಾನಿಯೇ ಅಲ್ಲದ ಇವನ ಮೇಲೆ ತಿರುಗಿತು. ಹೊಡೆದವರಿಗೆ ಸಿಕ್ಕಿದ್ದು ಪ್ರೊಬೇಷನ್ನು ಮತ್ತು ತಲಾ 3,000 ಡಾಲರ್ ದಂಡ. ಒಂದು ದಿನವೂ ಜೈಲಿಲ್ಲ. ಅಮೆರಿಕದ ಏಷ್ಯನ್ ಜನ ಒಟ್ಟಾಗಿ ದನಿ ಎತ್ತಿದ್ದು ಈ ತೀರ್ಪಿನ ನಂತರ. ಕಾರು ಪರಂಪರೆಯ ದಾರಿ ಎಂದರೆ ಇದೂ ಆ ಪರಂಪರೆಯದೇ.

ನಮ್ಮವರ ಕಥೆಯನ್ನೂ ಮುಚ್ಚಿಡಬಾರದು. ವುಡ್‌ವರ್ಡ್ ಮತ್ತು ಟ್ವೆಲ್ವ್ ಮೈಲ್ ಸೇರುವಲ್ಲಿ, ರಾಯಲ್ ಓಕಿನಲ್ಲಿ, ಪುಟ್ಟ ಪುಷ್ಪ ಸಂತ ತೆರೇಸಮ್ಮನವರ ಪುಣ್ಯಕ್ಷೇತ್ರವಿದೆ. ದೊಡ್ಡ ಶಿಲುಬೆ ಕೆತ್ತಿದ ಅದರ ಗೋಪುರ ನೋಡಲು ಬಹಳ ಚಂದ. ಅದನ್ನು ಕಟ್ಟಿಸಿದ ಫಾದರ್ ಚಾರ್ಲ್ಸ್ ಕಾಫ್ಲಿನ್ 1930ರ ದಶಕದಲ್ಲಿ ರೇಡಿಯೋದಲ್ಲಿ ಕೋಟ್ಯಂತರ ಜನ ಕೇಳುವ ಮಾತುಗಾರ. ಬಡವರ ಪರವಾಗಿ ಶುರುವಾದ ಮಾತು ಬರಬರುತ್ತ ಯೆಹೂದ್ಯರ ಮೇಲಿನ ದ್ವೇಷವಾಯಿತು. 1942ರಲ್ಲಿ ಮಹಾಧರ್ಮಾಧ್ಯಕ್ಷರ ಆಜ್ಞೆಯ ಮೇಲೆ ಅವರ ರಾಜಕೀಯ ಪ್ರಚಾರ ನಿಂತಿತು. 1966ರ ತನಕ ಅಲ್ಲೇ ಧರ್ಮಗುರುಗಳಾಗಿದ್ದರು. ಗೋಪುರದ ಫೋಟೋ ಎಲ್ಲ ಪ್ರವಾಸಿ ಪುಸ್ತಕಕ್ಕೂ ಒಗ್ಗುತ್ತದೆ. ರೇಡಿಯೋದ ಮಾತು ಒಗ್ಗುವುದಿಲ್ಲ.

ನಗರದ ಒಳಗಿನ ಹೆಸರುಗಳಿಗೆ ಬರೋಣ. ವುಡ್‌ವರ್ಡಿನ ಪಶ್ಚಿಮಕ್ಕೆ ಕ್ಯಾಸ್ ಕಾರಿಡಾರ್ ಎಂಬ ಕೇರಿ ಇತ್ತು. ಬಡವರು, ಕುಡುಕರು, ಚಿತ್ರ ಬರೆಯುವವರು, ಅಗ್ಗದ ಕೋಣೆ ಹುಡುಕಿ ಬಂದ ವಿದ್ಯಾರ್ಥಿಗಳು ಎಲ್ಲ ಅಲ್ಲೇ. ಮೊದಲಿನ ಚೈನಾಟೌನನ್ನು ಹೆದ್ದಾರಿಗಾಗಿ ಕೆಡವಿದಾಗ ಚೀನೀಯರೂ ಅಲ್ಲಿಗೇ ಬಂದಿದ್ದರು. ಹೆಸರು ಕೆಟ್ಟಿತ್ತು ನಿಜ. ಆಗ ವಸ್ತುಸಂಗ್ರಹಾಲಯ, ವಿಶ್ವವಿದ್ಯಾಲಯ, ಆಸ್ಪತ್ರೆಗಳ ಸುತ್ತಲಿನ ಭಾಗಕ್ಕೆಲ್ಲ ಸೇರಿಸಿ ಮಿಡ್‌ಟೌನ್ ಎಂಬ ಹೆಸರನ್ನು ಚಲಾವಣೆಗೆ ತಂದರು. 2011ರಲ್ಲಿ ಅದೇ ಹೆಸರಿನ ಸಂಸ್ಥೆಯೂ ಬಂತು. ಅಲ್ಲಿ ಮನೆ ಮಾಡುವ ನೌಕರರಿಗೆ ದೊಡ್ಡ ಸಂಸ್ಥೆಗಳು ಸಹಾಯಧನ ಕೊಟ್ಟವು. ಅಂಗಡಿಗಳು ಬಂದವು, ರಾತ್ರಿ ನಡೆಯಲು ಹೆದರುತ್ತಿದ್ದಲ್ಲಿ ಕಾಫಿ ಕುಡಿಯುವವರ ಸಾಲು ನಿಂತಿತು. ಇದು ಒಳ್ಳೆಯ ಕೆಲಸ ಅಲ್ಲವೆಂದು ನಾವು ಹೇಳುವುದಿಲ್ಲ. ಪಾಳುಬಿದ್ದ ಮನೆಯ ಪಕ್ಕ ಬದುಕಿದವರಿಗೆ ಪಕ್ಕದಲ್ಲಿ ದೀಪ ಹತ್ತಿದರೆ ಎಷ್ಟು ಸಮಾಧಾನ ಎಂದು ಗೊತ್ತು. ಆದರೆ ಬಾಡಿಗೆ ಏರಿತು. ಹಳಬರಲ್ಲಿ ಹಲವರು ಹೋದರು. ಉಳಿದವರು ಹಟಕ್ಕೆ ಬಿದ್ದಂತೆ ಹಳೆಯ ಹೆಸರನ್ನೇ ಹೇಳುತ್ತಾರೆ. ಚೈನಾಟೌನಿನ ಉಳಿದಿದ್ದ ಹಳೆಯ ಕಟ್ಟಡವೊಂದು, ಬೇಡವೆಂದು ಜನ ಕೇಳಿಕೊಂಡರೂ, 2023ರಲ್ಲಿ ನೆಲಸಮವಾಯಿತು.

ಅಲ್ಲೇ ಪಕ್ಕದಲ್ಲಿ 2014ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವುಡ್‌ವರ್ಡಿನ ಮೇಲೆ ಹಾಕಿ ಆಟದ ದೊಡ್ಡ ಕ್ರೀಡಾಂಗಣ ಕಟ್ಟುತ್ತೇವೆ, ಅದರ ಸುತ್ತ ಐದು ಹೊಸ ಕೇರಿಗಳು ಹುಟ್ಟುತ್ತವೆ ಎಂದು ಕಟ್ಟುವವರು ಸಾರಿದರು. ಐದಕ್ಕೂ ಮೊದಲೇ ಹೆಸರಿತ್ತು, ಬಣ್ಣದ ಚಿತ್ರಗಳಿದ್ದವು, ಚಿತ್ರದಲ್ಲಿ ಮರ, ಮಕ್ಕಳು, ಬಾಲ್ಕನಿಯಲ್ಲಿ ನಿಂತು ಕೈಬೀಸುವ ಜನ. ಸರ್ಕಾರದ ದುಡ್ಡೂ ಸೇರಿ 2017ರಲ್ಲಿ ಕ್ರೀಡಾಂಗಣ ತೆರೆಯಿತು. ಕೇರಿಗಳು ಮಾತ್ರ ವರ್ಷಗಟ್ಟಲೆ ಹುಟ್ಟಲಿಲ್ಲ. ಅವು ಇರಬೇಕಾಗಿದ್ದ ಬಹಳಷ್ಟು ಕಡೆ ಕಾರು ನಿಲ್ಲಿಸುವ ಬಯಲುಗಳು ಉಳಿದವು. ಜನ ಇದ್ದು ಹೆಸರು ಕಳೆದುಕೊಂಡ ಕೇರಿ ಬ್ಲ್ಯಾಕ್ ಬಾಟಮ್. ಇಲ್ಲಿ ಹೆಸರಿದ್ದು ಜನವೇ ಇಲ್ಲ.

ಅದೇ 2017ರ ಮೇ ತಿಂಗಳಲ್ಲಿ ವುಡ್‌ವರ್ಡಿಗೆ ಟ್ರಾಮು ಮರಳಿ ಬಂತು. 3.3 ಮೈಲು, ನದಿಯ ಹತ್ತಿರದಿಂದ ನ್ಯೂ ಸೆಂಟರ್ ತನಕ, ಅಂದರೆ ಪ್ರಚಾರದ ಕೇರಿಗಳು ಎಲ್ಲಿ ಮುಗಿಯುತ್ತವೋ ಸರಿಯಾಗಿ ಅಲ್ಲಿಯ ತನಕ. ಮುಂದೆ ನಾರ್ತ್ ಎಂಡ್, ಹೈಲ್ಯಾಂಡ್ ಪಾರ್ಕಿನವರಿಗೆ ಬಸ್ಸು. ಎರಡು ತಿಂಗಳ ನಂತರ ಪೇಟೆಯ ನಡುವೆ ವುಡ್‌ವರ್ಡಿನ ಒಂದು ಕಟ್ಟಡದ ಕಿಟಕಿಗೆ ದೊಡ್ಡ ಜಾಹೀರಾತು ಬಂತು. ಡೆಟ್ರಾಯ್ಟನ್ನು ನಾವು ನೋಡುವಂತೆ ನೋಡಿ ಎಂಬ ಅರ್ಥದ ಮಾತು, ಕೆಳಗೆ ನಗುವ ಜನರ ಗುಂಪು. ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಹತ್ತರಲ್ಲಿ ಸುಮಾರು ಎಂಟು ಜನ ಕಪ್ಪುವರ್ಣೀಯರಿರುವ ಊರಿನಲ್ಲಿ! ಜನ ಕೇಳಿಯೇ ಕೇಳಿದರು, "ನಾವು" ಅಂದರೆ ಯಾರು ಎಂದು. ಜಾಹೀರಾತು ಇಳಿಯಿತು, ಕಂಪನಿಯ ಮಾಲೀಕರು ಕ್ಷಮೆ ಕೇಳಿದರು. ಈ ಲೇಖನದಲ್ಲಿ ಎಲ್ಲ ಕಡೆ "ನಾವು" ಎಂದು ಬರೆಯುತ್ತಿರುವ ನಮಗೂ ಅಲ್ಲಿ ಸ್ವಲ್ಪ ಚುರುಕ್ಕೆಂದಿತು.

ಈಗಿನ ಕಾಲದಲ್ಲಿ ಹೆಸರು ಬದಲಿಸಲು ಬುಲ್ಡೋಜರೂ ಬೇಡ. ಡೆಟ್ರಾಯ್ಟಿನ ಫಿಶ್‌ಕಾರ್ನ್ ಎಂಬ ಕೇರಿ ಗೂಗಲ್ ನಕ್ಷೆಯಲ್ಲಿ ಅಕ್ಷರ ತಪ್ಪಿ ಫಿಸ್ಕ್‌ಹಾರ್ನ್ ಆಯಿತು. ಮನೆ ಮಾರುವವರು ಅದನ್ನೇ ಬಳಸತೊಡಗಿದರು. ನಮ್ಮ ಜಿಲ್ಲೆಯವರು ನಗುವ ಹಾಗಿಲ್ಲ. 2021ರಲ್ಲಿ ಮಂಜೇಶ್ವರ ಕಡೆಯ ಕನ್ನಡ ಊರುಗಳ ಹೆಸರು ಮಲಯಾಳಕ್ಕೆ ತಿರುಗುತ್ತದೆಂಬ ಸುದ್ದಿ ಎದ್ದು ಎಷ್ಟು ಗಲಾಟೆಯಾಯಿತು, ಅಂಥ ಯೋಚನೆ ಇಲ್ಲವೆಂದು ಕೇರಳ ಸರ್ಕಾರ ಹೇಳಬೇಕಾಯಿತು ಎಂಬುದು ನೆನಪಿದೆ. ಒಂದು ಅಕ್ಷರ ಆಚೀಚೆಯಾದರೆ ನಮಗೆ ಎಷ್ಟು ನೋಯುತ್ತದೆಂದು ಗೊತ್ತಿದ್ದೂ, ನಮ್ಮದೇ ವಾಳೆಯ ಹೆಸರನ್ನು ಚಂದ ಇಲ್ಲವೆಂದು ಅಳಿಸಲು ಹೊರಟವರು ನಾವೇ.

ಡೆಟ್ರಾಯ್ಟಿನಲ್ಲಿ ಈಗ ಬ್ಲ್ಯಾಕ್ ಬಾಟಮ್ ಎಂಬ ಮಾತು ಮರಳಿ ಕೇಳುತ್ತಿದೆ. ಅಲ್ಲಿ ಹುಟ್ಟಿದವರು, ಅವರ ಮೊಮ್ಮಕ್ಕಳು ಹಳೆಯ ಫೋಟೋಗಳನ್ನು ಹುಡುಕಿ ಬೀದಿ ಬೀದಿಯಾಗಿ ಜೋಡಿಸುತ್ತಿದ್ದಾರೆ. ಕೆಡವುವ ಮೊದಲು ನಗರದವರು ಪ್ರತಿ ಮನೆಯ ಫೋಟೋ ತೆಗೆದಿದ್ದರು, ಬೆಲೆ ಕಟ್ಟಲು. ಆ ಫೋಟೋಗಳೇ ಈಗ ಕೇರಿಯ ನೆನಪಿಗೆ ಆಧಾರ. ಹೇಸ್ಟಿಂಗ್ಸ್ ಸ್ಟ್ರೀಟಿನ ಮೇಲೆ ಹಾಕಿದ ಹೆದ್ದಾರಿಯ ಹೊಂಡವನ್ನು ತುಂಬಿ ಮತ್ತೆ ಸಾದಾ ಬೀದಿ ಮಾಡುವ ಯೋಜನೆಗೆ 2022ರಲ್ಲಿ ಕೇಂದ್ರ ಸರ್ಕಾರ ಹತ್ತು ಕೋಟಿ ಡಾಲರಿಗೂ ಹೆಚ್ಚು ಅನುದಾನ ಕೊಡಲು ಒಪ್ಪಿತು. ಕೆಲಸ ಮಾತಿನಷ್ಟು ಬೇಗ ಸಾಗಿಲ್ಲ. ತುಂಬಿದ ಮೇಲೆ ಆ ನೆಲ ಯಾರದ್ದಾಗಬೇಕು ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿಲ್ಲ.

ನಮ್ಮ ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ. ಹೆದ್ದಾರಿಯ ಎರಡು ಬದಿಯ ವಾಳೆಗಳ ಜೊತೆಗೆ ಒಳದಾರಿಯ ಮೂರು ವಾಳೆಗಳನ್ನೂ ಸೇರಿಸಬೇಕೆಂದು ಕಳೆದ ಸಭೆಯಲ್ಲಿ ತೀರ್ಮಾನವಾಯಿತು. ಅದಕ್ಕೆ ಹಾಳೆಯ ಎರಡೂ ಮಗ್ಗುಲು ಬೇಕಾಗುತ್ತದೆ, ಖರ್ಚು ಸ್ವಲ್ಪ ಹೆಚ್ಚು. ಆ ಹಳೆಯ ಹೆಸರು ಹೇಗೆ ಬಂತೆಂದು ಸರಿಯಾಗಿ ಗೊತ್ತಿರುವವರು ಇಬ್ಬರು ಅಜ್ಜಿಯರು ಮಾತ್ರ. ಬರುವ ಭಾನುವಾರ ಮೊದಲ ಪೂಜೆ ಮುಗಿದ ಮೇಲೆ ಅವರನ್ನು ಕಾಣಲು ಹೋಗುತ್ತಿದ್ದೇವೆ. ಬರುವವರು ಒಂದು ನೋಟ್‌ಬುಕ್ಕು ಹಿಡಿದುಕೊಂಡು ಗಂಟೆಗೋಪುರದ ಹತ್ತಿರ ನಿಲ್ಲಿ.